ಕಾರಿನ ಹಿಂದೆ ನಿಂತವರು

ಮುನಿವೆಂಕಟಮ್ಮನ ಗುಡಿಸಲಿನಲ್ಲಿ ಕಲ್ಲಿನ ಪುಡಿ ಸೇರದ ವಸ್ತುವಿರಲಿಲ್ಲ. ನೀರಿನ ಮಡಕೆಯ ತಳದಲ್ಲಿತ್ತು, ಮುದ್ದೆಯಲ್ಲಿತ್ತು, ಮಗಳ ತಲೆಗೂದಲಿನಲ್ಲಿತ್ತು. ಗಂಡ ಬೈರಣ್ಣ ರಾತ್ರಿ ಮಗ್ಗುಲು ಬದಲಿಸಿದರೆ ಚಾಪೆಯ ಮೇಲೆ ಪುಡಿ ಕರಕರ ಎನ್ನುತ್ತಿತ್ತು. ಪಕ್ಕದ ಗುಡಿಸಲಿನ ಓಬಳಪ್ಪನ ಎದೆಯೊಳಗೂ ಅದೇ ಪುಡಿ ಹೋಗಿ ಕೂತಿತ್ತು. ಮುದುಕ ಕೆಮ್ಮಲು ಶುರು ಮಾಡಿದರೆ ಸಾಲಿನ ಗುಡಿಸಲುಗಳೆಲ್ಲ ಎಚ್ಚರವಾಗಿ, ಅವನು ನಿಲ್ಲಿಸುವುದನ್ನೇ ಕಾಯುತ್ತಿದ್ದವು.

ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟಿನ ಗಡಿಕಲ್ಲುಗಳೇ ಹೆಚ್ಚು. ರಸ್ತೆಗೆ ಜಲ್ಲಿ ಹಾಸಿದ್ದರು, ಟಾರು ಬಂದಿರಲಿಲ್ಲ. ಮನೆ ಕಟ್ಟುವವರಿಗೆಲ್ಲ ಸೈಜುಗಲ್ಲು ಬೇಕಾಗಿತ್ತು. ಅದನ್ನು ಕಡಿದು ಕೊಡಲು ಕೋಲಾರದ ಕಡೆಯಿಂದ ಬಂದ ಜನ ಇವರು. ಗಂಗಾಧರಯ್ಯನ ದೊಡ್ಡ ಮನೆಯ ಹಿಂದಿನ ಪಾಳು ಜಾಗದಲ್ಲಿ ತೆಂಗಿನ ಗರಿ ಹೊದಿಸಿಕೊಂಡು ಬಿಡಾರ ಹೂಡಿದ್ದರು.

ಗಂಗಾಧರಯ್ಯ ಈ ಜಾಗವೆಲ್ಲ ಹಳ್ಳಿಯಾಗಿದ್ದಾಗ ಪಟೇಲನಾಗಿದ್ದವನು. ಬಡಾವಣೆಗೆಂದು ಸರ್ಕಾರ ಹೊಲ ತೆಗೆದುಕೊಂಡಾಗ, ಯಾರೋ ಉಳುತ್ತಿದ್ದ ಹೊಲಗಳೆಲ್ಲ ಹೇಗೋ ಅವನ ಹೆಸರಿನಲ್ಲಿದ್ದವು. ಉಳುತ್ತಿದ್ದವರು ಎತ್ತು ಮಾರಿ ಎತ್ತಲೋ ಹೋದರು. ಇವನು ಮಹಡಿ ಮನೆ ಕಟ್ಟಿಸಿದ, ಮುಂದೆ ಕ್ರೋಟನ್ ಗಿಡ ನೆಡಿಸಿದ, ಗೇಟಿಗೆ ಕಬ್ಬಿಣದ ಎರಡು ಸಿಂಹ ಕೂರಿಸಿದ. ಕಲ್ಲು ಕಡಿಯುವವರಿಂದ ಜಾಗಕ್ಕೆ ಬಾಡಿಗೆ ಕೇಳುವುದಿಲ್ಲವೆಂದು ಕಂಡವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ಕರೆದಾಗಲೆಲ್ಲ ಅವರು ಬರಬೇಕು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಬಾವಿಯ ಹೂಳು ತೆಗೆದವರು ಅವರೇ, ಕಾಂಪೌಂಡಿಗೆ ಕಲ್ಲು ಹೊತ್ತವರು ಅವರೇ, ಮದುವೆ ಮನೆಯ ಎಂಜಲೆಲೆ ಎತ್ತಿದವರೂ ಅವರೇ. ಬಿಟ್ಟಿ ಚಾಕರಿ ಎಂಬ ಮಾತು ಅವನ ಬಾಯಲ್ಲಿ ಬರುತ್ತಿರಲಿಲ್ಲ. 'ಸ್ವಲ್ಪ ಕೈ ಹಾಕ್ರೋ' ಎನ್ನುತ್ತಿದ್ದ, ಅಷ್ಟೆ.

ಮುನಿವೆಂಕಟಮ್ಮ ಎದುರಿಗೆ ಅವನನ್ನು 'ಬುದ್ಧಿ' ಎಂದೇ ಕರೆಯುತ್ತಿದ್ದಳು. ಮನಸ್ಸಿನೊಳಗೆ ಕರೆಯುತ್ತಿದ್ದ ಹೆಸರು ಬೇರೆ ಇತ್ತು.

ಅವಳ ತಾತ್ಸಾರ ಹೆಚ್ಚಾದದ್ದು ಕಾರು ಬಂದ ಮೇಲೆ. ಊರು ಬಿಟ್ಟು ಹೋಗುತ್ತಿದ್ದ ಯಾರೋ ದೊರೆಯ ಬಂಗಲೆಯಿಂದ ಗಂಗಾಧರಯ್ಯ ಒಂದು ವಿಲಾಯಿತಿ ಕಾರು ಕೊಂಡು ತಂದಿದ್ದ. ಉದ್ದನೆಯದು, ಕೆನೆಯ ಬಣ್ಣದ್ದು, ನೆಲಕ್ಕೆ ಹೊಟ್ಟೆ ಒತ್ತಿ ಮಲಗಿದ ಮೊಸಳೆಯ ಹಾಗೆ ತಗ್ಗಾಗಿತ್ತು. ಆಳುಗಳ ಬೆನ್ನ ಮೇಲೆ ಕೂತು ಬೆಳೆದವನು ಅದರೊಳಗೆ ಬಗ್ಗಿ ಕೂರಲು ಕಲಿಯಬೇಕಾಯಿತು. ಕೆಳಗೆ ಎರಡು ದಿಂಬು ಹಾಕಿಸಿಕೊಳ್ಳದಿದ್ದರೆ ಅವನಿಗೆ ರಸ್ತೆ ಕಾಣುತ್ತಿರಲಿಲ್ಲ. ಸೌತೆಂಡ್ ಸರ್ಕಲ್ಲಿನವರೆಗೆ ಹೋಗಿ ತಿರುಗಿ ಬರುವುದು ಅವನ ಸವಾರಿ. ದಾರಿಯಲ್ಲಿ ಯಾರಾದರೂ ನಿಂತು ನೋಡಿದರೆ ಆ ದಿನ ಆಳುಗಳಿಗೆ ಬೈಗುಳ ಕಡಿಮೆ. ಯಾರೂ ನೋಡದಿದ್ದರೆ ಬಿಡಾರದ ಹೆಂಗಸರು ಬಟ್ಟೆ ಒಣಹಾಕಿದ್ದೂ ತಪ್ಪಾಗುತ್ತಿತ್ತು.

ಒಂದು ಸಲ ಜಲ್ಲಿಯ ನಡುವೆ ತಲೆ ಎತ್ತಿದ್ದ ಬಂಡೆಗೆ ಕಾರಿನ ಹೊಟ್ಟೆ ಬಡಿಯಿತು. ಎಂಜಿನ್ನಿನ ಎಣ್ಣೆ ರಸ್ತೆಯ ಮೇಲೆ ಹರಿಯಿತು, ಬ್ರೇಕೂ ಹೋಯಿತು, ಗೇರು ಸಡಿಲಾಗಿ ಕೂತಿತು. ಬಂಡೆಯನ್ನು ಯಾಕೆ ಒಡೆದಿಲ್ಲವೆಂದು ಅವನು ಬೈರಣ್ಣನ ಮೇಲೆ ಹರಿಹಾಯ್ದ. ಕಲ್ಲು ಕಡಿಯುವವರು ಊರಿನ ಕಲ್ಲಿಗೆಲ್ಲ ಹೊಣೆ ಎನ್ನುವ ಹಾಗೆ. ಅಂದು ಅವರೇ ಅದನ್ನು ನೂಕಿಕೊಂಡು ಮನೆಗೆ ತಂದಿದ್ದರು. ಅದು ಪೋರ್ಟಿಕೋದಲ್ಲಿ ಮುಸುಕು ಹೊದ್ದು ಒಂದು ಮಳೆಗಾಲ ಕಳೆಯಿತು. ಕೊನೆಗೆ ಸೇಲಂನ ಮಿಲ್ಲಿನ ಯಜಮಾನನೊಬ್ಬ, ರಿಪೇರಿ ನಾನೇ ಮಾಡಿಸಿಕೊಳ್ಳುತ್ತೇನೆ, ಬಣ್ಣಕ್ಕೆ ಮಾತ್ರ ಗೀರು ಬೀಳಬಾರದು ಎಂದು ಒಪ್ಪಿಕೊಂಡ. ಲಾರಿಯಲ್ಲಿ ಹಾಕಿ ಕಳಿಸುವುದೆಂದಾಯಿತು. ನೋಡಿ ಒಪ್ಪಿಸಿಕೊಳ್ಳಲು ಆ ಯಜಮಾನನ ಭಾವಮೈದುನ ಜಯಸಿಂಹ ಬಸವನಗುಡಿಯಿಂದ ಬರುವವನಿದ್ದ.

ಲಾರಿ ಬಂದದ್ದು ಮಾರ್ಗಶಿರದ ಒಂದು ಬೆಳಿಗ್ಗೆ. ಗಂಗಾಧರಯ್ಯ ಹಿತ್ತಲಿಗೆ ಬಂದು ಗಂಡಸರನ್ನೆಲ್ಲ ಕೂಗಿದ. ಹಗ್ಗ ಎಳೆಯಲು ಹೆಂಗಸರೂ ಬರಲೆಂದ. ಆ ದಿನದ ಕೂಲಿ ಹೋಗುವುದೆಂದು ಎಲ್ಲರಿಗೂ ಗೊತ್ತಿತ್ತು. ಉಳಿಯನ್ನು ಕೆಳಗಿಟ್ಟು ಎದ್ದರು.

ಲಾರಿಯ ಡ್ರೈವರ್ ಕೊಟ್ರಪ್ಪ ದಾವಣಗೆರೆಯ ಕಡೆಯವನು. ಗೇಟಿನೊಳಕ್ಕೆ ಲಾರಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿ, ಇಳಿದು ಬಂದು ಒಂದು ಸಲ ಕಾರನ್ನು ನೋಡಿದ, ಒಂದು ಸಲ ಲಾರಿಯನ್ನು ನೋಡಿದ. ಲಾರಿಯ ಹಾಸು ಬೈರಣ್ಣನ ಎದೆಮಟ್ಟ ಇತ್ತು. ಕಾರಿನ ಕೆಳಗೆ ಒಂದು ಗೇಣು ಜಾಗವೂ ಇರಲಿಲ್ಲ. ಗಂಗಾಧರಯ್ಯ ತರಿಸಿಟ್ಟಿದ್ದ ಎರಡು ಹಲಗೆಗಳು ದನದ ಕೊಟ್ಟಿಗೆಯವು, ಮೋಟು.

"ಯಜಮಾನ್ರ, ಇದು ಹಿಂಗಾದ್ರ ಆಗಂಗಿಲ್ರಿ" ಎಂದ ಕೊಟ್ರಪ್ಪ. "ಹಲಗಿ ಮೋಟು ಆದಷ್ಟು ಏರು ಕಡಿದಾಗತೈತಿ. ಮ್ಯಾಲೆ ಹೋಗೂತ್ಲೆ ಲಾರಿ ಅಂಚಿಗೆ ಕಾರಿನ ಹೊಟ್ಟಿ ಹತ್ತತೈತಿ. ಲಾರಿ ಹಿಂದಿನ ಗಾಲಿಗೆ ಗುಂಡಿ ತೆಗಸ್ರಿ, ಲಾರಿ ತಗ್ಗತೈತಿ. ಉದ್ದನ್ನ ಹಲಗಿ ತರಸ್ರಿ. ಒಂದೊಂದು ಮೊಳ ಏರಿಸಿ ಗಾಲಿ ಹಿಂದ ಕಲ್ಲು ಇಟ್ಕೋತ ಹೋದ್ರ ಯಾರಿಗೂ ಏನೂ ಆಗಂಗಿಲ್ಲ."

ಗಂಗಾಧರಯ್ಯ ಒಂದೊಂದಕ್ಕೂ ಒಂದೊಂದು ಉತ್ತರ ಇಟ್ಟುಕೊಂಡಿದ್ದ. ಗುಂಡಿ ತೆಗೆದರೆ ಕ್ರೋಟನ್ ಪಾತಿ ಹಾಳಾಗುತ್ತದೆ. ಉದ್ದದ ಹಲಗೆ ತರಲು ಇನ್ನೊಬ್ಬರ ಮನೆಯ ಬಾಗಿಲಿಗೆ ಹೋಗಿ ಹಲ್ಲು ಗಿಂಜಬೇಕು. ಇನ್ನು ಕಲ್ಲಂತೂ ಕೂಡದು.

"ಕಲ್ಲು ಗಾಲಿಗೆ ಸಿಕ್ಕಿ ಸಿಡಿದ್ರೆ ಪೇಂಟ್ ಕಿತ್ತೋಗುತ್ತೆ. ಇಷ್ಟು ಜನ ಇದಾರಲ್ಲ, ಹೆಗಲು ಕೊಡ್ತಾರೆ. ಏನೂ ಅಪಾಯ ಇಲ್ಲ."

ಆಮೇಲೆ ಅವನಿಗೆ ಇನ್ನೊಂದು ನೆನಪಾಯಿತು. ಬೆವರಿನ ಉಪ್ಪು ಬಣ್ಣವನ್ನು ತಿನ್ನುತ್ತದಂತೆ. ಒಳಗಿನಿಂದ ಗೋಣಿಚೀಲ ತರಿಸಿ ಒಬ್ಬೊಬ್ಬನ ಹೆಗಲಿಗೂ ಹೊದಿಸಲು ಹೇಳಿದ. ಹೊದಿಸಿದವಳು ಮುನಿವೆಂಕಟಮ್ಮ. ಗಂಡನ ಹೆಗಲ ಮೇಲೆ ಗೋಣಿ ಸರಿಮಾಡುವಾಗ ಅವಳಿಗೆ ನಗು ಬಂತು. ಇಷ್ಟು ವರ್ಷ ಕಲ್ಲು ಹೊತ್ತ ಹೆಗಲಿಗೆ ಒಂದು ಚಿಂದಿ ಕೊಡದವನು ಇವತ್ತು ಗೋಣಿ ಕೊಟ್ಟಿದ್ದ, ಅದೂ ಕಾರಿಗೆ ನೋವಾಗದಿರಲೆಂದು.

ಕೊಟ್ರಪ್ಪ ಗೊಣಗುತ್ತ ಕಾರಿನ ಒಳಗೆ ಕೂತು ಸ್ಟಿಯರಿಂಗ್ ಹಿಡಿದ. ಹೆಂಗಸರು ಲಾರಿಯ ಮೇಲೆ ನಿಂತು ಬಾವಿಯ ಹಗ್ಗ ಎಳೆದರು. ಒಂದೆರಡು ಜಗ್ಗಿಗೇ ಆ ಹಳೆಯ ಹಗ್ಗ ತುಂಡಾಗಿ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಸರಪಳಿ ತರಲೇ ಎಂದು ಕೊಟ್ರಪ್ಪ ಕೇಳಿದ್ದಕ್ಕೆ ಬಂಪರಿನ ಹೊಳಪು ಹೋಗುತ್ತದೆ ಎಂದು ಉತ್ತರ ಬಂತು. ಹೆಂಗಸರನ್ನು ಕೆಳಗಿಳಿಸಿ, ಗಂಡಸರೇ ಸಾಕು ಎಂದ ಗಂಗಾಧರಯ್ಯ.

ಗಂಡಸರು ತಳ್ಳಿದರು. ನಡುವೆ ಬೈರಣ್ಣ, ಅವನ ಒಂದು ಪಕ್ಕ ಓಬಳಪ್ಪ, ಇನ್ನೊಂದು ಪಕ್ಕ ಹೋದ ವರ್ಷ ಮದುವೆಯಾದ ಸೀನು, ಆಚೆ ಈಚೆ ಉಳಿದವರು. ಮುಂದಿನ ಗಾಲಿಗಳು ಹಲಗೆ ಹತ್ತಿದವು. ಹಿಂದಿನವೂ ಹತ್ತಿದವು. ಕಾರಿನ ಭಾರವೆಲ್ಲ ಹಿಂದಕ್ಕೆ ಬಂದು ಹೆಗಲುಗಳ ಮೇಲೆ ಕೂತಿತು. ಹಲಗೆ ಬಿಲ್ಲಿನ ಹಾಗೆ ಬಾಗಿತು. ಆಗ ಮೇಲಿನಿಂದ ಕರ್ರ್ ಎಂದು ಸದ್ದು ಬಂತು. ಕೊಟ್ರಪ್ಪ ಹೇಳಿದ್ದ ಜಾಗದಲ್ಲೇ ಹೊಟ್ಟೆ ಲಾರಿಯ ಅಂಚಿಗೆ ತಗಲಿತ್ತು.

"ನಿಲ್ಲಿಸ್ರೋ" ಎಂದು ಗಂಗಾಧರಯ್ಯ ಕೂಗಿದ.

ನಿಲ್ಲಿಸಿದರು. ಮೇಲಕ್ಕೆ ತಳ್ಳಿದರೆ ಕಾರಿನ ಹೊಟ್ಟೆ ಹರಿಯುತ್ತಿತ್ತು. ಕೆಳಕ್ಕೆ ಬಿಟ್ಟರೆ ಅದು ತಮ್ಮ ಮೇಲೆಯೇ ಬರುತ್ತಿತ್ತು. ಅದೇ ಹೊತ್ತಿಗೆ ಗೇಟಿನ ಬಳಿ ಟ್ಯಾಕ್ಸಿ ನಿಂತು ಜಯಸಿಂಹ ಇಳಿದ.

ಬಿಳಿ ಪಂಚೆ, ಕೋಟು, ಕೈಯಲ್ಲಿ ಮಡಿಸಿದ ಛತ್ರಿ. ಮಾತು ಮೆತ್ತಗೆ. ಕಾರಿನ ಪಕ್ಕಕ್ಕೆ ಬಂದು ಬಗ್ಗಿ ಬಾಗಿಲು ನೋಡಿದ, ದೀಪದ ಗಾಜು ನೋಡಿದ. ಹಿಂದೆ ಬಂದು ನಂಬರಿನ ಫಲಕ ನೋಡಲು, ಓಬಳಪ್ಪನ ತಲೆ ಅಡ್ಡ ಬಂದದ್ದರಿಂದ ಸ್ವಲ್ಪ ಪಕ್ಕಕ್ಕೆ ವಾಲಿ ನೋಡಿದ. "ಸೊಗಸಾಗಿಟ್ಕೊಂಡಿದೀರಿ" ಎಂದ. ಗಂಗಾಧರಯ್ಯ ಹಿಗ್ಗಿ ಹೋದ. ಬಿಸಿಲಲ್ಲಿ ಬಂದಿದ್ದೀರಿ, ಕಾಫಿ ಕುಡಿದು ಬನ್ನಿ, ನಿಮ್ಮ ಕಣ್ಣೆದುರಿಗೇ ಮೇಲಕ್ಕೆ ಹತ್ತಿಸೋಣ ಎಂದು ಕರೆದ. ಮೆಟ್ಟಿಲು ಹತ್ತುತ್ತ ತಿರುಗಿ ಆಳುಗಳಿಗೆ, "ಹಾಗೇ ಹಿಡ್ಕೊಂಡಿರಿ. ನಾನು ಬರೋವರ್ಗೂ ಅಲ್ಲಾಡಿಸ್ಬೇಡಿ" ಎಂದ.

ಇಬ್ಬರೂ ಒಳಗೆ ಹೋದರು.

ಮುನಿವೆಂಕಟಮ್ಮ ನಿಂತು ನೋಡಿದಳು. ಈಗ ಬರುತ್ತಾನೆ, ಈಗ ಬರುತ್ತಾನೆ ಎಂದುಕೊಂಡಳು. ಕಿಟಕಿಯೊಳಗೆ ಇಬ್ಬರೂ ಬೆತ್ತದ ಕುರ್ಚಿಯಲ್ಲಿ ಕೂತದ್ದು ಕಾಣುತ್ತಿತ್ತು. ಗಂಗಾಧರಯ್ಯನ ಹೆಂಡತಿ ಲಕ್ಷ್ಮಿದೇವಮ್ಮ ಮೊದಲು ತಟ್ಟೆಯಲ್ಲಿ ಕೋಡುಬಳೆ ತಂದಳು. ಆಮೇಲೆ ಕಾಫಿ ತಂದಳು. ಜಯಸಿಂಹ ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಸುರಿದು ಆರಿಸುತ್ತಿದ್ದ. ರೇಡಿಯೋದಲ್ಲಿ ಯಾರೋ ವೀಣೆ ನುಡಿಸುತ್ತಿದ್ದರು.

ಹೊರಗೆ ಯಾರೂ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಉಸಿರು ಹೋಗುತ್ತಿತ್ತು. ಬೈರಣ್ಣನ ಕತ್ತಿನ ನರ ಹಗ್ಗದ ಹಾಗೆ ಎದ್ದಿತ್ತು. ಸೀನುವಿನ ಕಾಲು ಸಡಿಲ ಮಣ್ಣಿನಲ್ಲಿ ಬೆರಳು ಬೆರಳಾಗಿ ಜಾರುತ್ತಿತ್ತು. ಕಾರಿನ ಒಳಗಿನಿಂದ ಕೊಟ್ರಪ್ಪ, ಕಾಲಿಗೆ ಸಿಗದ ಬ್ರೇಕನ್ನು ತುಳಿಯುತ್ತ, ತಾಯಿ, ಒಂದು ಕಲ್ಲು ಇಡ್ರಿ ಎಂದು ಅವಳ ಕಡೆ ನೋಡಿದ. ಓಬಳಪ್ಪನ ಮುಖ ಕಪ್ಪಿಟ್ಟಿತು. ಅವನು ಕೆಮ್ಮನ್ನು ಒಳಗೇ ಹಿಡಿದಿದ್ದಾನೆಂದು ಅವಳಿಗೆ ತಿಳಿಯಿತು. ಕೆಮ್ಮಿದರೆ ಹೆಗಲು ಸಡಿಲವಾಗುತ್ತದೆ. ಒಂದು ಹೆಗಲು ಸಡಿಲವಾದರೆ ಉಳಿದವು ನಿಲ್ಲುವುದಿಲ್ಲ.

ಅವಳು ಓಡಿ ವರಾಂಡದ ಕೆಳಗೆ ನಿಂತಳು. ಲಕ್ಷ್ಮಿದೇವಮ್ಮ ಬಾಗಿಲಿಗೆ ಬಂದು, ಅಲ್ಲೇ ನಿಲ್ಲು, ಒಳಗೆ ದೊಡ್ಡವರು ತಿಂಡಿ ತಿನ್ನುತ್ತಿದ್ದಾರೆ ಎಂದು ತಡೆದಳು.

"ಬುದ್ಧಿ" ಎಂದು ಅವಳು ಅಲ್ಲಿಂದಲೇ ಕೂಗಿದಳು. "ಅವ್ರ ಕೈಲಿ ಆಗ್ತಿಲ್ಲ. ಓಬಳಪ್ಪಂಗೆ ಕೆಮ್ಮು ಬಂದೈತೆ. ಗಾಲಿಗೆ ಒಂದ್ ಕಲ್ಲು ಮಡಗ್ತೀವಿ, ಬುದ್ಧಿ."

ಒಳಗಿನಿಂದ ಗಂಗಾಧರಯ್ಯನ ದನಿ ಬಂತು. ಬಾಯಲ್ಲಿ ಕೋಡುಬಳೆ ಇದ್ದದ್ದು ದನಿಯಲ್ಲೇ ಗೊತ್ತಾಗುತ್ತಿತ್ತು.

"ಐದ್ನಿಮಿಷ ಹಿಡ್ಕೊಳ್ಳಕ್ಕಾಗಲ್ವಂತಾ? ತಿಂದ ಮುದ್ದೆ ಎಲ್ಲೋಯ್ತು? ಕಲ್ಲು ಗಿಲ್ಲು ಮುಟ್ಟಿದ್ರೆ ನೋಡು."

ಜಯಸಿಂಹ ಏನೋ ಮೆತ್ತಗೆ ಹೇಳಿದ. ಇಬ್ಬರೂ ನಕ್ಕರು.

ಆ ನಗು ಕೇಳಿದ ಮೇಲೆ ಮುನಿವೆಂಕಟಮ್ಮನಿಗೆ ಅಲ್ಲಿ ನಿಲ್ಲುವ ಕೆಲಸ ಉಳಿಯಲಿಲ್ಲ. ಸಿಟ್ಟೂ ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಎದುರಿಗೆ ಒಬ್ಬ ಮನುಷ್ಯ ಇರಬೇಕು. ಅವಳು ತಿರುಗಿ ನಡೆದಳು. ಕಾಂಪೌಂಡಿಗೆಂದು ಅವರೇ ಕಡಿದು ಪೇರಿಸಿದ್ದ ಸೈಜುಗಲ್ಲಿನ ರಾಶಿಯಿಂದ ಒಂದನ್ನು ಎತ್ತಿ ಸೊಂಟಕ್ಕೆ ಆನಿಸಿಕೊಂಡಳು. ಉಳಿದ ಹೆಂಗಸರು ಒಂದು ಗಳಿಗೆ ನೋಡಿದರು. ಸೀನುವಿನ ಹೆಂಡತಿ ತುಂಬಿದ ಬಸುರಿ, ಅವಳೊಬ್ಬಳನ್ನು ಬಿಟ್ಟು ಎಲ್ಲರೂ ರಾಶಿಯ ಕಡೆ ಬಂದರು.

ಕಲ್ಲಿಡುವುದು ಸುಲಭವಿರಲಿಲ್ಲ. ಗಂಡಸರ ಕಾಲುಗಳ ನಡುವೆ ಬಗ್ಗಿ ಹೋಗಿ, ಬಾಗಿದ ಹಲಗೆಯ ಮೇಲೆ, ಗಾಲಿಗೆ ಒತ್ತಿ ಇಡಬೇಕಾಗಿತ್ತು. ಗಾಲಿ ಒಂದು ಬೆರಳು ಹಿಂದೆ ಸರಿದರೆ ಅವಳ ಕೈ ಹೋಗುತ್ತಿತ್ತು. ಇಟ್ಟಳು. ಮತ್ತೊಂದು ಗಾಲಿಗೆ ಇನ್ನಿಬ್ಬರು ಇಟ್ಟರು. ಅವುಗಳ ಹಿಂದೆ ಆನಿಕೆಗೆ ಮತ್ತೆರಡು ಇಟ್ಟರು.

"ಬಿಡ್ರಿ ಈಗ, ಮೆಲ್ಲಕೆ" ಎಂದಳು.

ಯಾರಿಗೂ ಬಿಡಲು ಧೈರ್ಯ ಬರಲಿಲ್ಲ. ಕಾರು ಕಿರ್ ಎಂದು ಕಲ್ಲಿನ ಮೇಲೆ ಕೂತಿತು. ನಿಂತಿತು. ಮೊದಲು ಕೊಟ್ರಪ್ಪ ಜಿಗಿದು ಇಳಿದ. ಆಮೇಲೆ ಒಬ್ಬೊಬ್ಬರೇ ಪಕ್ಕಕ್ಕೆ ಸರಿದರು. ಓಬಳಪ್ಪ ಹೊಂಗೆ ಮರದ ಕೆಳಗೆ ಹೋಗಿ ಮಂಡಿಯೂರಿ, ತಡೆದಿಟ್ಟಿದ್ದ ಕೆಮ್ಮನ್ನೆಲ್ಲ ಕೆಮ್ಮಿದ. ಗೋಣಿ ತೆಗೆದಾಗ ಬೈರಣ್ಣನ ಹೆಗಲಿನಲ್ಲಿ ಕಾರಿನ ಅಂಚು ಗೆರೆ ಕೊರೆದಿತ್ತು.

ಎಲ್ಲರೂ ನೆರಳಲ್ಲಿ ಕೂತು ನೀರು ಕುಡಿಯುತ್ತಿದ್ದಾಗ ಗಂಗಾಧರಯ್ಯ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಹಿಂದೆ ಜಯಸಿಂಹ. ಕಾರಿನ ಹಿಂದೆ ಯಾರೂ ಇಲ್ಲದ್ದನ್ನು ಕಂಡು ಗಂಗಾಧರಯ್ಯ ಒಂದು ಕ್ಷಣ ಬೆದರಿದ. ಕಲ್ಲು ಕಂಡ ಮೇಲೆ ಹೆದರಿಕೆ ಹೋಗಿ ಕೋಪ ಬಂತು. ಬಗ್ಗಿ ನೋಡಿದ. ಗಾಲಿಯ ಮಧ್ಯದ ಹೊಳೆಯುವ ಬಿಲ್ಲೆಯ ಮೇಲೆ ಉಗುರಿನಷ್ಟು ಗೀರು ಬಿದ್ದಿತ್ತು.

ಯಾರು ಇಟ್ಟದ್ದು ಎಂದು ಕೇಳಿದ. ನಾನು ಎಂದಳು ಮುನಿವೆಂಕಟಮ್ಮ. ಅವನು ಅವಳ ಹುಟ್ಟು, ಕುಲ, ಗುಡಿಸಲು, ತಿನ್ನುವ ಅನ್ನ ಎಲ್ಲವನ್ನೂ ಎತ್ತಿ ಆಡಿದ. ಅವಳು ಕೇಳಿಸಿಕೊಂಡಳು. ಬೈದು ದಣಿದ ಮೇಲೆ, ಕಲ್ಲು ತೆಗೆದು ಮತ್ತೆ ಹೆಗಲು ಕೊಡಿ, ಏಳಿ ಎಂದ.

ಯಾರೂ ಏಳಲಿಲ್ಲ. ಅದನ್ನು ಯಾರೂ ಮಾತಾಡಿಕೊಂಡು ತೀರ್ಮಾನಿಸಿದ್ದಲ್ಲ. ಕಾಲು ಏಳಲಿಲ್ಲ, ಅಷ್ಟೆ.

"ಬೇಗ ಮುಗಿಸ್ಬಿಡ್ರಪ್ಪ, ಯಾಕೆ ರಗಳೆ" ಎಂದ ಜಯಸಿಂಹ, ಗಡಿಯಾರ ನೋಡಿಕೊಳ್ಳುತ್ತ.

"ಏನೂ ಆಗಲ್ಲ ಏಳ್ರೋ" ಎಂದ ಗಂಗಾಧರಯ್ಯ. "ಒಂದ್ ಸಾರಿ ಹೇಳಿದ್ರೆ ಗೊತ್ತಾಗಲ್ವಾ? ಏನೂ ಅಪಾಯ ಇಲ್ಲ."

ಮುನಿವೆಂಕಟಮ್ಮ ಎದ್ದು ನಿಂತಳು. ಗಂಡನ ಹೆಗಲ ಮೇಲಿಂದ ತೆಗೆದ ಗೋಣಿ ಅವಳ ಕೈಯಲ್ಲೇ ಇತ್ತು. ಅದನ್ನು ಅವನ ಕಡೆ ಚಾಚಿದಳು.

"ಸರಿ ಬುದ್ಧಿ. ಅಪಾಯ ಇಲ್ಲಾಂದ್ರೆ ನೀವೂ ಬನ್ನಿ. ಮಧ್ಯಕ್ಕೆ ನೀವು ನಿಂತ್ಕಳಿ, ಅಕ್ಕಪಕ್ಕ ಇವ್ರು ನಿಂತ್ಕಂತಾರೆ. ಕಲ್ಲು ನಾನೇ ತೆಗೀತೀನಿ."

ಗಂಗಾಧರಯ್ಯ ಗೋಣಿ ನೋಡಿದ, ಕಾರಿನ ಹಿಂಭಾಗ ನೋಡಿದ. ಯೋಚಿಸಿ ಆಡಿದ್ದರೆ ಏನಾದರೂ ಜಂಬದ ಮಾತು ಆಡಿರುತ್ತಿದ್ದ. ಯೋಚಿಸಲಿಲ್ಲ.

"ನಾನಾ? ಅದರ ಹಿಂದೆನಾ? ಜಾರಿದ್ರೆ?"

ಮಾತು ಬಾಯಿಂದ ಬಿದ್ದು ಹೋಯಿತು. ಎತ್ತಿಕೊಳ್ಳಲು ಆಗಲಿಲ್ಲ. ಮೊದಲು ನಕ್ಕವಳು ಸೀನುವಿನ ಹೆಂಡತಿ, ಹೊಟ್ಟೆ ಹಿಡಿದುಕೊಂಡು. ಆಮೇಲೆ ಕೊಟ್ರಪ್ಪ. ಆಮೇಲೆ ಮರದ ಕೆಳಗಿದ್ದವರೆಲ್ಲ. ಅದು ಖುಷಿಯ ನಗುವಾಗಿರಲಿಲ್ಲ. ಜಯಸಿಂಹ ಛತ್ರಿಯ ಹಿಡಿಯನ್ನು ನೋಡುತ್ತ ನಿಂತ.

ಗಂಗಾಧರಯ್ಯ ಅದೇ ಟ್ಯಾಕ್ಸಿಯಲ್ಲಿ ಠಾಣೆಗೆ ಹೋದ.

ಮಧ್ಯಾಹ್ನ ದಾಟಿದ ಮೇಲೆ ಸಬ್ ಇನ್‌ಸ್ಪೆಕ್ಟರ್ ಶಂಭುಲಿಂಗಪ್ಪ ನಾಲ್ಕು ಜನ ಪೇದೆಗಳೊಂದಿಗೆ ಬಂದ. ದೂರು ಏನೆಂದು ಅವನಿಗೂ ಸರಿಯಾಗಿ ತಿಳಿದಿರಲಿಲ್ಲ. ಕಾರಿಗೆ ನಷ್ಟ ಮಾಡಿದ್ದಾರೆ, ಕೆಲಸಕ್ಕೆ ಅಡ್ಡಿ ಮಾಡಿದ್ದಾರೆ, ದೊಡ್ಡವರ ಮುಂದೆ ಹಲ್ಲು ಕಿಸಿದಿದ್ದಾರೆ. ಇದರಲ್ಲಿ ಯಾವುದು ಅಪರಾಧ ಎಂದು ಹುಡುಕುವ ಗೋಜಿಗೆ ಅವನು ಹೋಗಲಿಲ್ಲ. ಬೈರಣ್ಣನನ್ನು ಎಬ್ಬಿಸಿ ನಿಲ್ಲಿಸಿ ಬೆನ್ನಿಗೆ ಎರಡು ಲಾಠಿ ಬಿಟ್ಟ. ನಡಿ, ಹೆಗಲು ಕೊಡು ಎಂದ. ಬೈರಣ್ಣ ಮತ್ತೆ ಕೂತ. ಮೂರನೆಯದಕ್ಕೆ ಲಾಠಿ ಎತ್ತಿದಾಗ ಮುನಿವೆಂಕಟಮ್ಮ ನಡುವೆ ಬಂದಳು.

"ಹೊಡೀರಿ ಸ್ವಾಮಿ. ಹೊಡೆಸ್ಕಂಡು ಅಭ್ಯಾಸ ಐತೆ. ಅದರ ಹಿಂದೆ ಮಾತ್ರ ನಿಲ್ಲಲ್ಲ."

ಬಿಸಿಲು ಇಳಿಯುತ್ತಿತ್ತು. ಮೊದಲೇ ಬಾಗಿದ್ದ ಹಲಗೆ ಮಧ್ಯದಲ್ಲಿ ಸೀಳುತ್ತಿರುವುದನ್ನು ಕೊಟ್ರಪ್ಪ ತೋರಿಸಿದ. ಕಾರು ರಾತ್ರಿಯಿಡೀ ಹಾಗೇ ನಿಂತರೆ ನಾನು ಒಪ್ಪಿಸಿಕೊಳ್ಳುವುದಿಲ್ಲ ಎಂದ ಜಯಸಿಂಹ, ಮೆತ್ತಗೆಯೇ. ಗಂಗಾಧರಯ್ಯ ಸಬ್ ಇನ್‌ಸ್ಪೆಕ್ಟರನ ಕಿವಿಯಲ್ಲಿ ಏನೋ ಹೇಳಿದ. ಶಂಭುಲಿಂಗಪ್ಪ ಪೇದೆಗಳ ಕಡೆ ತಿರುಗಿ, ಟೊಪ್ಪಿಗೆ, ಬೆಲ್ಟು ಬಿಚ್ಚಿಡಿ, ನೀವೇ ಹತ್ತಿಸಿ ಎಂದ.

ಪೇದೆಗಳು ಕಾರಿನ ಹಿಂದೆ ಹೋಗಿ ನಿಂತರು. ಅವರಲ್ಲಿ ವಯಸ್ಸಾದವನು ಕರಿಬಸವಯ್ಯ. ಬಗ್ಗಿ ಹಲಗೆಯ ಕೆಳಗೆ ನೋಡಿದ, ಗಾಲಿ ನೋಡಿದ, ತನ್ನ ಕಾಲು ಇಡಬೇಕಾದ ಜಾಗ ನೋಡಿದ. ನೆಟ್ಟಗಾಗಿ ಹೇಳಿದ:

"ಸಾರ್, ಕಲ್ಲಿಲ್ದೆ ಹೆಂಗೆ ಸಾರ್? ಮನೇಲಿ ಹೆಂಡ್ರು ಮಕ್ಕಳಿದಾರೆ."

"ಇಡ್ರಿ, ಇಡ್ರಿ" ಎಂದ ಸಬ್ ಇನ್‌ಸ್ಪೆಕ್ಟರ್. "ಯಾರು ಬೇಡಾಂದ್ರು?"

ಗಂಗಾಧರಯ್ಯ ಆಕಾಶ ನೋಡುತ್ತಿದ್ದ.

ಆಮೇಲೆ ಆದದ್ದನ್ನೆಲ್ಲ ಕಲ್ಲು ಕಡಿಯುವವರು ಮರದ ಕೆಳಗೆ ಕೂತು ನೋಡಿದರು. ಠಾಣೆಯಿಂದ ಹೊಸ ಹಗ್ಗ ಬಂತು. ಅದನ್ನು ಬಂಪರಿಗೆ ಕಟ್ಟಿ, ಲಾರಿಯ ಮೈಗೆ ಸುತ್ತಿ, ಕಾರನ್ನು ಸ್ವಲ್ಪ ಸ್ವಲ್ಪವೇ ಕೆಳಗೆ ಇಳಿಸಿದರು. ಬಂಪರಿನ ಹೊಳಪಿನ ಮಾತು ಯಾರೂ ಎತ್ತಲಿಲ್ಲ. ಪಕ್ಕದ ರಸ್ತೆಯಲ್ಲಿ ಕಟ್ಟುತ್ತಿದ್ದ ಮನೆಯಲ್ಲಿ ಉದ್ದನೆಯ ಗಟ್ಟಿ ಹಲಗೆಗಳು ಬಿದ್ದಿದ್ದವು. ಒಬ್ಬ ಪೇದೆ ಹೋಗಿ ಕೇಳಿದ್ದಕ್ಕೆ ಆ ಮನೆಯ ಮೇಸ್ತ್ರಿ ತಾನೇ ಹೊರಿಸಿಕೊಂಡು ಬಂದ. ಕೊಟ್ರಪ್ಪ ಗುದ್ದಲಿ ಹಿಡಿದು ಲಾರಿಯ ಹಿಂದಿನ ಗಾಲಿಗೆ ಗುಂಡಿ ತೆಗೆದ, ಕ್ರೋಟನ್ ಪಾತಿಯ ನಟ್ಟನಡುವೆ. ಕೆಂಪು ಹಳದಿ ಎಲೆಗಳು ಮಣ್ಣಿನ ಜೊತೆ ಪಕ್ಕಕ್ಕೆ ಬಿದ್ದವು. ಲಾರಿಯ ಹಿಂಭಾಗ ಕುಸಿದು ತಗ್ಗಾಯಿತು. ಅಂಚಿಗೆ ಹಾಕಲು ಮೆತ್ತನೆಯದೇನಾದರೂ ಬೇಕೆಂದಾಗ ಗಂಗಾಧರಯ್ಯ ಒಳಗೆ ಓಡಿ ತನ್ನ ಹಾಸಿಗೆಯನ್ನೇ ಹೊತ್ತು ತಂದ. ಜೀವಮಾನದಲ್ಲಿ ಅವನು ಏನನ್ನಾದರೂ ಹೊತ್ತದ್ದನ್ನು ಅವರು ಕಂಡದ್ದು ಅದೊಂದೇ ಸಲ.

ಪೇದೆಗಳ ಹೆಗಲಿಗೆ ಗೋಣಿ ಹೊದಿಸಲು ಯಾರೂ ಹೇಳಲಿಲ್ಲ. ಒಂದು ಮೊಳ ತಳ್ಳುವುದು, ಕಲ್ಲು ಸರಿಸಿ ಇಡುವುದು, ಉಸಿರು ತೆಗೆದುಕೊಳ್ಳುವುದು. ಮತ್ತೊಂದು ಮೊಳ. ಹೊಟ್ಟೆ ಎಲ್ಲೂ ತಗಲಲಿಲ್ಲ. ಕಾರು ಮುದುಕಿ ಮೆಟ್ಟಿಲು ಹತ್ತುವ ಹಾಗೆ ನಿಧಾನವಾಗಿ ಮೇಲೆ ಹೋಗಿ ಕೂತಿತು. ಯಾರ ಉಗುರಿಗೂ ಪೆಟ್ಟಾಗಲಿಲ್ಲ.

ಅಷ್ಟು ಸಣ್ಣ ಕೆಲಸವಾಗಿತ್ತು ಅದು. ಬೈರಣ್ಣ ಅದನ್ನು ನೋಡುತ್ತ, ಲಾಠಿ ಬಿದ್ದ ಬೆನ್ನನ್ನು ಮರಕ್ಕೆ ಆನಿಸಲಾರದೆ, ಮುಂದಕ್ಕೆ ಬಾಗಿ ಕೂತಿದ್ದ. ಪೆಟ್ಟಿಗಿಂತ ಇದು ಅವನಿಗೆ ಹೆಚ್ಚು ನಾಟಿದೆ ಎಂದು ಮುನಿವೆಂಕಟಮ್ಮನಿಗೆ ಅನ್ನಿಸಿತು. ಹೆಂಡ್ರು ಮಕ್ಕಳಂತೆ. ಪೊಲೀಸರಿಗೆ ಇರುತ್ತಾರೆ. ಕಲ್ಲು ಕಡಿಯುವವನ ಮಗ್ಗುಲಲ್ಲಿ ಮಲಗುವವಳು ಏನು, ಅವನ ಎದುರಿಗೆ ಕೂತು ಮುದ್ದೆ ಮುರಿಯುವ ಮಗಳು ಏನು, ಇವರ ಲೆಕ್ಕದಲ್ಲಿ?

ಲಾರಿ ಗುಂಡಿಯಿಂದ ಗುಡುಗುತ್ತ ಎದ್ದು ಗೇಟು ದಾಟಿತು. ಕೊಟ್ರಪ್ಪ ಅವರ ಕಡೆ ಕೈ ಎತ್ತಿ ಹೋದ. ಸಬ್ ಇನ್‌ಸ್ಪೆಕ್ಟರ್ ಹೋಗುವ ಮುನ್ನ, ಬೆಳಗಾಗುವುದರೊಳಗೆ ಗುಡಿಸಲು ಕಿತ್ತುಕೊಂಡು ನಡೆಯಬೇಕು, ಇಲ್ಲದಿದ್ದರೆ ಪೇದೆಗಳು ಬಂದು ಕೀಳುತ್ತಾರೆ ಎಂದು ಹೇಳಿ ಹೋದ.

ಆ ಸಂಜೆ ಬಿಡಾರದಲ್ಲಿ ಜಗಳವಾಯಿತು. ಸೀನುವಿನ ಹೆಂಡತಿ, ಇವತ್ತೋ ನಾಳೆಯೋ ಹೆರುವವಳು, ಎಲ್ಲಿ ಹೋಗಿ ಮಲಗಲಿ ಎಂದು ಅತ್ತಳು. ಹಗಲಲ್ಲಿ ಗಂಗಾಧರಯ್ಯನ ಮಾತಿಗೆ ಮೊದಲು ನಕ್ಕವಳೂ ಅವಳೇ. ಕಾಲಿಗೆ ಬಿದ್ದರೆ ಬಿಡುತ್ತಾನೆ, ಹೋಗಿ ಬಿದ್ದು ಬರೋಣ ಎಂದರು ಇಬ್ಬರು. ಕಲ್ಲಿಡುವ ಮೊದಲು ಒಂದು ಮಾತು ಕೇಳಬೇಕಿತ್ತು ಎಂದ ಇನ್ನೊಬ್ಬ. ಮಗಳು ಮುನಿವೆಂಕಟಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಚಳಿ ಏರುತ್ತಿತ್ತು.

ಬೈರಣ್ಣ ಆ ದಿನವೆಲ್ಲ ಬಾಯಿ ಬಿಚ್ಚದವನು ಆಗ ಮಾತಾಡಿದ.

"ಕಲ್ಲು ಅವ್ಳು ಇಟ್ಟಿದ್ದು ತಪ್ಪಲ್ಲ. ಇಷ್ಟು ವರ್ಷ ನಾವು ಇಡ್ದೇ ಇದ್ದಿದ್ದು ತಪ್ಪು."

ಓಬಳಪ್ಪ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಆ ಮನೆಯವರ ಮುಂದೆ ಯಾವಾಗಲೂ ನಡು ಬಗ್ಗಿಸಿಯೇ ನಿಂತವನು ಅವನು. ಅವನ ಮಾತಿಗಾಗಿ ಎಲ್ಲರೂ ನೋಡಿದರು. ಮುದುಕ ಬೆಂಕಿಗೆ ಒಂದು ಸೌದೆ ನೂಕಿದ.

ಬೆಳಿಗ್ಗೆ ಗರಿ ಬಿಚ್ಚಿದರು, ಬಿದಿರಿನ ಗಳಗಳನ್ನು ಕಟ್ಟಿದರು. ತಿಲಕ್ ನಗರದ ಕಡೆ ಜಲ್ಲಿ ತೆಗೆದ ಹಳ್ಳಗಳಿದ್ದವು. ಸದ್ಯಕ್ಕೆ ಅಲ್ಲಿ ಇಳಿಯುವುದೆಂದಾಯಿತು. ಹಿತ್ತಲ ಬೇಲಿಯ ಆಚೆ ಬೇರೆಯವರ ಸೈಟು, ಆದ್ದರಿಂದ ದೊಡ್ಡ ಮನೆಯ ಪಕ್ಕದಿಂದಲೇ ಬಂದು ಗೇಟು ದಾಟಬೇಕಾಗಿತ್ತು. ಮಡಕೆ, ಉಳಿ, ಸುತ್ತಿಗೆ, ಸುತ್ತಿದ ಚಾಪೆ, ಕೋಳಿ, ಎಲ್ಲ ತಲೆಯ ಮೇಲೆ, ಕಂಕುಳಲ್ಲಿ.

ಗಂಗಾಧರಯ್ಯ ಮನೆಯ ಮುಂದೆ ನಿಂತಿದ್ದ. ಗುಂಡಿ ಬಾಯಿ ತೆರೆದುಕೊಂಡಿತ್ತು, ಪೋರ್ಟಿಕೋದಿಂದ ಗೇಟಿಗೆ ಹೋಗುವ ದಾರಿಯ ಮಧ್ಯದವರೆಗೂ. ಸುತ್ತ ಮಣ್ಣಿನ ಗುಡ್ಡೆ, ಬಾಡಿದ ಕ್ರೋಟನ್. ಅವನ ಕಾಲ ಬಳಿ ಗುದ್ದಲಿ ಬಿದ್ದಿತ್ತು. ಮುಟ್ಟಿರಲಿಲ್ಲ. ಸಾಲು ಹತ್ತಿರ ಬಂದಾಗ ಗಂಟಲು ಸರಿಮಾಡಿಕೊಂಡ. ರಾತ್ರಿಯೊಳಗೆ ಅವನಿಗೆ ಒಂದು ತಿಳಿದಿತ್ತು. ಇವರು ಹೋದರೆ ನಾಳೆ ಬಾವಿಗೆ, ದನಕ್ಕೆ, ಕಾಂಪೌಂಡಿಗೆ, ಎಲ್ಲದಕ್ಕೂ ದುಡ್ಡು ಬಿಚ್ಚಬೇಕು.

"ಎಲ್ಲಿಗೋಗ್ತೀರೋ ಚಳೀಲಿ" ಎಂದ. ದನಿ ಮೆತ್ತಗಿತ್ತು, ನಿನ್ನೆ ಜಯಸಿಂಹನಿಂದ ಎರವಲು ತಂದ ಹಾಗೆ. "ಇನ್‌ಸ್ಪೆಕ್ಟರ್‌ಗೆ ನಾನ್ ಹೇಳ್ತೀನಿ. ಈ ಗುಂಡಿ ಒಂದು ಮುಚ್ಚಿಬಿಡ್ರಿ. ಸ್ವಲ್ಪ ಕೈ ಹಾಕ್ರೋ. ಇರೋದಾದ್ರೆ ಇರಿ."

ಸಾಲು ನಿಂತಿತು. ಸೀನುವಿನ ಹೆಂಡತಿ ಗಂಡನ ಮುಖ ನೋಡಿದಳು. ಒಂದಿಷ್ಟು ಮಣ್ಣು, ಬೆಳಗಿನ ತಿಂಡಿಯ ಹೊತ್ತಿಗೆ ಮುಗಿಯುವ ಕೆಲಸ. ಗರಿಗಳನ್ನು ಮತ್ತೆ ಹೊದಿಸಿದರೆ ಸಂಜೆಗೆ ತಲೆಯ ಮೇಲೆ ಸೂರು. ಮುನಿವೆಂಕಟಮ್ಮನ ನಾಲಿಗೆಯ ಮೇಲೆ ಒಂದು ಮಾತು ಬಂತು. ಆಡಲಿಲ್ಲ. ಬೇಡವೆಂದು ತಾನು ಹೇಳಿದರೆ ಬಸುರಿಯ ಹೊರೆ ತನ್ನ ಮೇಲೆ ಬರುತ್ತಿತ್ತು. ಸರಿ ಎಂದು ಹೇಳಲು ಬಾಯಿ ಬರಲಿಲ್ಲ.

ಎಲ್ಲರ ಹಿಂದೆ ಇದ್ದ ಓಬಳಪ್ಪ ಕೋಲೂರಿಕೊಂಡು ಮುಂದೆ ಬಂದ. ಗುಂಡಿಯ ಅಂಚಿಗೆ ಬಂದು ನಿಂತ. ಗಂಗಾಧರಯ್ಯನ ಮುಖ ಅರಳಿತು. ಮುದುಕನೇ ಬಂದನಲ್ಲ ಎಂದು ಗುದ್ದಲಿಯನ್ನು ಕಾಲಿನಿಂದ ಅವನ ಕಡೆ ತಳ್ಳಿದ.

ಓಬಳಪ್ಪ ಗುದ್ದಲಿ ನೋಡಲಿಲ್ಲ. ಎದೆಯ ಆಳದಿಂದ ಕೆಮ್ಮಿದ. ಬಾಯಲ್ಲಿ ತುಂಬಿ ಬಂದ ಕಲ್ಲುಪುಡಿಯ ಬೂದು ಕಫವನ್ನು ಗುಂಡಿಯೊಳಗೆ ಉಗಿದ. ಪಂಚೆಯ ಅಂಚಿನಿಂದ ತುಟಿ ಒರೆಸಿಕೊಂಡ.

"ಗಂಗಾಧರಯ್ಯ" ಎಂದ, ಬುದ್ಧಿ ಎನ್ನದೆ. "ನಿನ್ ಗುಂಡಿ ನೀನೇ ಮುಚ್ಕೋ."

ಅಷ್ಟು ಹೇಳಿ ಗೇಟಿನ ಕಡೆ ನಡೆದ. ಅವನ ಹಿಂದೆ ಬಸುರಿ ಹೆಂಗಸು ಹೊಟ್ಟೆಗೆ ಕೈ ಕೊಟ್ಟುಕೊಂಡು ನಡೆದಳು. ಅವಳ ಹಿಂದೆ ಉಳಿದವರು. ಮುನಿವೆಂಕಟಮ್ಮ ಮಗಳ ಕೈ ಹಿಡಿದು ಗುಂಡಿಯನ್ನು ಬಳಸಿ ದಾಟಿದಳು. ಹಿಂದಿನಿಂದ ಗಂಗಾಧರಯ್ಯ ಮೊದಲು ಮೆತ್ತಗೆ ಕರೆದ, ಆಮೇಲೆ ಗಟ್ಟಿಯಾಗಿ ಕರೆದ, ಆಮೇಲೆ ಬೈದ. ಜಲ್ಲಿಯ ಮೇಲೆ ನಡೆಯುತ್ತಿದ್ದವರ ಕಾಲ ಸದ್ದಿನಲ್ಲಿ ಅದು ಏನೆಂದು ಯಾರಿಗೂ ಕೇಳಿಸಲಿಲ್ಲ.